ತುದಿ ಕಾಣದ ಹಗ್ಗ

ಬಿಲ್ಲು ಬಂದಿದ್ದು ನಾಲ್ಕು ಸಾವಿರದ ನೂರಾ ಅರವತ್ತು.
ಏಳುನೂರರ ಗೆರೆ ಅದು ಎಂದೂ ದಾಟಿದ್ದಿಲ್ಲ.
ಕೋಡಿಬಾಗದ ಈ ನಾಲ್ಕು ಕಂಪ್ಯೂಟರಿನ ಅಂಗಡಿಯಲ್ಲಿ
ತಾಸಿಗೆ ಹದಿನೈದು,
ಪ್ರಿಂಟಿಗೆ ಮೂರು,
ಸೀಬರ್ಡ್ ಪರಿಹಾರದ ಅರ್ಜಿ ತುಂಬಿಕೊಟ್ಟರೆ
ಕಾಗದದಲ್ಲಿ ಕಟ್ಟಿದ ಒಂದು ಹಿಡಿ ಒಣಸಿಗಡಿ.
ಇದರೊಳಗೆ ನಾಲ್ಕು ಸಾವಿರ ಎಲ್ಲಿ ಅಡಗಿತ್ತು?

ಲೈನ್‌ಮನ್ ಬೊಮ್ಮಯ್ಯ ಗುನಗಾ ಬಂದ.
ಕಂಬ ಹತ್ತಲಿಲ್ಲ. ಸ್ಟೂಲಿನ ಮೇಲೆ ಕೂತು
ಮೋಡೆಮ್ಮಿನ ಹಸಿರು ದೀಪವನ್ನೇ ನೋಡುತ್ತಿದ್ದ,
ಗಾಳ ಹಾಕಿ ಕೂತವರ ಹಾಗೆ.
"ಯಾರೂ ಕೂತಿಲ್ಲ ಬಾಯೀ, ಆದ್ರೂ ಇದು ಓಡ್ತಾ ಅದೆ.
ಬರೋದಲ್ಲ, ಹೋಗೋದು.
ನಿಮ್ಮಲ್ಲಿಂದ ಏನೋ ಹೊರಗೆ ಹೋಗ್ತಾ ಅದೆ."

ನಾನು ಹಿಂಬಾಗಿಲು ನೋಡಿದೆ.

ಅದು ಇದ್ದದ್ದು ಪರದೆಯ ಮೂಲೆಯಲ್ಲಿ,
ಗಡಿಯಾರದ ಪಕ್ಕ, ಸಾಸಿವೆಯಷ್ಟು ನೀಲಿ ಚಿತ್ರ.
ಕತ್ತಿ ಹಿಡಿದು ಹಾರುವ ಆ ಪುಕ್ಕಟೆ ಆಟದ ಜೊತೆ ಬಂದದ್ದು,
ಬಂಗಡೆಯ ಬುಟ್ಟಿಯೊಳಗೆ ಏಡಿಮರಿ ಬಂದ ಹಾಗೆ.
ಆಡಿದ ಹುಡುಗರು ಎದ್ದು ಹೋದಮೇಲೂ ಅದು ಏಳುವುದಿಲ್ಲ.
ಆಟವನ್ನು ತುಂಡು ತುಂಡಾಗಿ ನನ್ನ ಯಂತ್ರದಿಂದ ಎತ್ತಿ
ಯಾವುದೋ ಊರಿನ ಯಾರಿಗೋ ಮುಟ್ಟಿಸುತ್ತಲೇ ಇರುತ್ತದೆ,
ಕಂಪನಿಗೆ ಸಾಗಣೆಯ ಖರ್ಚು ಉಳಿಯಲಿ ಅಂತ.

ಸುಶಾಂತನನ್ನು ಕರೆದೆ. ಬೈತಖೋಲದವ, ಒಂಬತ್ತನೇ ಇಯತ್ತೆ.
"ಒಪ್ಪಿಗೆ ಅಂತ ಮೊದಲೇ ಟಿಕ್ ಇತ್ತು ಬಾಯೀ.
ನಾನು ಮುಂದೆ, ಮುಂದೆ, ಮುಂದೆ ಅಂತ ಒತ್ತಿದೆ ಅಷ್ಟೇ.
ಫ್ರೀ ಅಂತ ಇತ್ತಲ್ಲ."
ಅವನ ಮೇಲ್ದುಟಿಯ ಮೇಲೆ ಈಗಷ್ಟೇ ಚಿಗುರಿದ ಕಪ್ಪು.
ಬೈಯಲು ಬಾಯಿ ಬರಲಿಲ್ಲ.
ನಾನೂ ಮದುವೆಯ ರಿಜಿಸ್ಟರಿಗೆ ಓದದೆ ಸಹಿ ಹಾಕಿದವಳು.

ಅಜ್ಜ ರಂಪಣಿ ಎಳೆಯುತ್ತಿದ್ದ ಕಾಲದಲ್ಲಿ
ಬಲೆ ಅರ್ಧ ಮೈಲು, ಹಗ್ಗಕ್ಕೆ ಎಂಬತ್ತು ಕೈ.
ದಾರಿಹೋಕ ಚಪ್ಪಲಿ ಬಿಟ್ಟು ಒಮ್ಮೆ ಹಗ್ಗ ಹಿಡಿದರೂ
ಅವನ ಪಂಚೆಯ ಮಡಿಲಿಗೆ ನಾಲ್ಕು ಬಂಗಡೆ.
ಈ ಹಗ್ಗಕ್ಕೂ ಹಾಗೆಯೇ ಸಾವಿರ ಊರಿನ ಕೈ ಬಿದ್ದಿದೆಯಂತೆ.
ಎಳೆಯುವವರೆಲ್ಲ ನಿದ್ದೆಯಲ್ಲಿದ್ದಾರೆ.
ಮೀನು ಯಾರ ದಂಡೆಗೆ ಬಿತ್ತೋ.

ಕೇಳಿದ್ದರೆ ಕೊಡುತ್ತಿದ್ದೆನೇನೋ.
ರಾತ್ರಿ ಎರಡರಿಂದ ಎಂಟರವರೆಗೆ ನನ್ನ ಪ್ಲಾನಿಗೆ ಲೆಕ್ಕವಿಲ್ಲ,
ಆಗ ಎಷ್ಟು ಬೇಕಾದರೂ ಒಯ್ಯಿ ಅನ್ನುತ್ತಿದ್ದೆ.
ಪಕ್ಕದ ಮನೆಯವರು ಕೋಕಂ ಸಿಪ್ಪೆ ಕೇಳುತ್ತಾರೆ, ಬೊಗಸೆ ತುಂಬ ಕೊಡುತ್ತೇನೆ.
ಕೇಳದೆ ಒಯ್ದರೆ
ಒಂದು ಸಿಪ್ಪೆಗೂ ಹೊಟ್ಟೆ ಉರಿಯುತ್ತದೆ.

ಆಟ ತೆಗೆದೆ. ನೀಲಿ ಚಿತ್ರ ಹೋಗಲಿಲ್ಲ.
ಅದರ ಹೆಸರು ಬೇರೆ, ಮನೆ ಬೇರೆ,
ಫೋಲ್ಡರಿನೊಳಗಿನ ಫೋಲ್ಡರು.
ಬೊಮ್ಮಯ್ಯ ಫೋನಿನಲ್ಲಿ ಹೇಳುತ್ತ ಹೋದ, ನಾನು ಅಳಿಸುತ್ತ ಹೋದೆ.
ನಾಲ್ಕನೆಯದರಲ್ಲೂ ಮುಗಿದಾಗ ಹಸಿರು ದೀಪ
ಒಮ್ಮೆ ಮಿಟುಕಿ ನಿಂತಿತು.
ಕಾಳಿ ಸೇತುವೆಯ ಮೇಲೆ ಲಾರಿ ಹೋಗುವ ಸದ್ದು
ಆಗ ಕೇಳಿಸಿತು.

ಆಮೇಲೆ ಸಂಶಯವೇ ಒಂದು ಚಟವಾಯಿತು.
ಹಾಲಿನ ಲೆಕ್ಕ, ಗ್ಯಾಸಿನ ತೂಕ, ಕರೆಂಟಿನ ಮೀಟರು.
ಒಂದು ಸಂಜೆ ಮೇನ್ ಇಳಿಸಿ ಹೊರಗೆ ಬಂದರೆ
ಮೆಟ್ಟಿಲ ದೀಪವೂ ಆರಿದೆ.
ಕಾಮತರ ಮೆಟ್ಟಿಲು, ನನ್ನ ಮೀಟರು,
ಹನ್ನೊಂದು ವರ್ಷ.

ಅರ್ಧ ಮೆಟ್ಟಿಲಲ್ಲಿ ಮೇಲ್ಮನೆಯ ಫಿಲೋಮಿನಾ,
ಕೋಲಿನಿಂದ ಮುಂದಿನ ಮೆಟ್ಟಿಲು ತಡಕುತ್ತ ಕೇಳಿದಳು:
"ಕರೆಂಟ್ ಹೋಯ್ತಾ?"
"ಇಲ್ಲ. ಅಲ್ಲೇ ನಿಲ್ಲಿ, ಕಾಲು ಇಡಬೇಡಿ" ಅಂದೆ.
ಓಡಿ ಹೋಗಿ ಮೇನ್ ಏರಿಸಿದೆ.

ಮರುದಿನ ಆ ದೀಪದ ತಂತಿ ಎಳೆಸಿ
ನನ್ನ ಕೌಂಟರಿನ ಪಕ್ಕ ಒಂದು ಸ್ವಿಚ್ಚು ಕೂರಿಸಿದೆ.
ಸ್ವಿಚ್ಚಿಗೆ ಮೂವತ್ತೈದು, ಕೂಲಿ ಬೇರೆ.
ಸಂಜೆ ಏಳಕ್ಕೆ ನಾನೇ ಒತ್ತುತ್ತೇನೆ.
ಕಾಮತರಿಗೆ ಇನ್ನೂ ಹೇಳಿಲ್ಲ.
ಬಿಲ್ಲಿನ ಎರಡು ಕಂತು ಬಾಕಿ ಅದೆ.